ಕೆಂಪು ಹತ್ತದ ಚುಕ್ಕಿ

“ಚುಚ್ಚಿ ಕೊಂದೆಲ್ಲೋ ಯಮನೂರಾ! ಇಪ್ಪತ್ತೆರಡು ವರ್ಷ ಕಾದಿದ್ದೆ ಇದಕ್ಕ! ನಿನ್ನ ಕೈಯಾಗ ಹುಳಾ ಬೀಳ್ಲಿ!” ತವನಪ್ಪ ಮಾಸ್ತರು ಅಂಚೆ ಕಚೇರಿಯ ಕಟ್ಟೆ ಹತ್ತುವ ಮೊದಲೇ ಶುರು ಮಾಡಿದ್ದರು. ಒಂದು ಕೈಯಲ್ಲಿ ಬೆಳಿಗ್ಗೆ ನಾನೇ ಹೊಲಿದು ಕಳಿಸಿದ್ದ ಲಕೋಟೆ, ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಟಪಾಲಿಗೆ ಕಾದು ಕೂತಿದ್ದ ಹತ್ತು ಹನ್ನೆರಡು ಜನ ಸರಿದು ದಾರಿ ಬಿಟ್ಟರು, ಹೋಗಲಿಲ್ಲ. ಜಗಳ ಬಿಟ್ಟು ಎದ್ದು ಹೋಗುವ ಜನ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

“ಹುಳಾ ಬೀಳೂದು ಆಮ್ಯಾಲ ನೋಡೂಣು. ಮೊದಲ ಏನಾತು ಅಂತ ಬೊಗಳ್ರಿ,” ಅಂದೆ. ಅಕ್ಷರ ಕಲಿಸಿದವರಿಗೆ ಬೊಗಳ್ರಿ ಅನ್ನಬಾರದು. ಅದು ನನಗೆ ಗೊತ್ತು, ನನ್ನ ನಾಲಿಗೆಗೆ ಗೊತ್ತಿಲ್ಲ.

ಮಾಸ್ತರು ಲಕೋಟೆಯನ್ನು ನನ್ನ ಮೂಗಿಗೆ ಹಿಡಿದರು. “ಇದು ಲಕೋಟಿ ಮ್ಯಾಲಿನ ಅಂಚೆ ಚೀಟಿ ಅಲ್ಲೋ ಕತ್ತೆ! ಒಳಗ ಇಟ್ಟು ಕಳಿಸಿದ ಚೀಟಿ! ನೂರಾ ಇಪ್ಪತ್ತು ವರ್ಷದ್ದು! ಅದನ್ನ ಅಂಗಿಗೆ ಗುಂಡಿ ಹಚ್ಚಿದಂಗ ಹೊಲದು ಇಟ್ಟೀಯಲ್ಲ!”

“ಒಳಗ ಇಟ್ಟದ್ದು ಒಳಗ ಇರಬೇಕಿಲ್ಲೋ? ಲಕೋಟಿ ಬಾಯಿ ತಗದಿತ್ತು, ಚೀಟಿ ಚೀಲದ ತಳದಾಗ ಬಿದ್ದಿತ್ತು. ನಾನೇನು ಅಂತರ್ಯಾಮಿ ಅದೀನಿ?”

“ಮುದ್ರಿ ಓದಾಕ ಬರೂದಿಲ್ಲೇನು? ತೊಂಬತ್ತೊಂಬತ್ತು ಅಂತ ಇಸವಿ ಐತಿ!”

“ಐತಿ. ನಮ್ಮ ಟಪಾಲಿಗೆ ಇಪ್ಪತ್ತು ಇಪ್ಪತ್ತೈದು ವರ್ಷ ತಡ ಆಗೂದು ಯಾವ ದೊಡ್ಡ ಮಾತು?” ಕಟ್ಟೆಯ ಮೇಲಿನವರೆಲ್ಲ ನಕ್ಕರು. ಮಾಸ್ತರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

ನಮ್ಮೂರಲ್ಲಿ ಅಂಟು ನಿಲ್ಲುವುದಿಲ್ಲ. ಹಳ್ಳದ ಸೇತುವೆಯ ಆಚೆ ಏನೇ ಅಂಟಿಸಿಕೊಂಡು ಬನ್ನಿ, ಈಚೆ ಬರುವಷ್ಟರಲ್ಲಿ ಬಿಟ್ಟುಕೊಂಡಿರುತ್ತದೆ. ಚಪ್ಪಲಿಗೆ ನಾವು ಮೊಳೆ ಹೊಡೆಯುತ್ತೇವೆ. ಚುನಾವಣೆಯ ಪೋಸ್ಟರನ್ನು ಗೋಣಿತಟ್ಟಿಗೆ ದಬ್ಬಣದಿಂದ ಹೊಲಿಯುತ್ತೇವೆ. ಎಷ್ಟು ದೊಡ್ಡ ಮಂತ್ರಿಯಾದರೂ ನಮ್ಮೂರಲ್ಲಿ ಕಿವಿಗೆ ಚುಚ್ಚಿಸಿಕೊಂಡೇ ಗೋಡೆ ಏರಬೇಕು. ಹೊರಗಿನಿಂದ ಬರುವ ಹೆಂಗಸರ ಹಣೆಯ ಟಿಕಳಿಗಳು ಸೇತುವೆಯ ಮೇಲೆಯೇ ಉದುರಿಬಿಡುವುದರಿಂದ ಅಲ್ಲಿನ ಕಲ್ಲಿನ ಮೇಲೆ ವರ್ಷವಿಡೀ ಕೆಂಪು ಚುಕ್ಕಿ. ಇನ್ನು ಟಪಾಲಿನ ಚೀಲ. ಸೇತುವೆ ದಾಟುತ್ತಿದ್ದಂತೆ ಲಕೋಟೆಗಳೆಲ್ಲ ಬಾಯಿ ತೆರೆಯುತ್ತವೆ, ಚೀಟಿಗಳು ಹೊಟ್ಟಿನ ಹಾಗೆ ತಳಕ್ಕೆ ಇಳಿಯುತ್ತವೆ. ಯಾವ ಚೀಟಿ ಯಾವ ಲಕೋಟೆಯದೆಂದು ಕಂಡುಹಿಡಿದು ಹೊಲಿದು ಕೊಡುವುದು ನಮ್ಮ ಮನೆತನದ ಕೆಲಸ. ಚೀಟಿ ಇಲ್ಲದ ಕಾಗದವನ್ನು ನಮ್ಮ ಜನ ಮುಟ್ಟುವುದಿಲ್ಲ. ಅದು ಯಾರೂ ಬರೆಯದ ಕಾಗದ ಅನ್ನುತ್ತಾರೆ.

ಕೆಲಸಕ್ಕೆ ಅಪ್ಪ ಎರಡು ಕಟ್ಟಳೆ ಹೇಳಿಕೊಟ್ಟಿದ್ದ. ಒಂದು, ಮುದ್ರೆ ಬಿದ್ದ ಚೀಟಿಯೇ ಲಕೋಟೆಯದು. ಮುದ್ರೆ ಇಲ್ಲದ್ದು ಮರುಟಪಾಲಿಗೆ ಅಂತ ಒಳಗೆ ಇಟ್ಟದ್ದು. ಎರಡು, ಚೀಟಿಯಲ್ಲಿ ಹಳೆಯ ತೂತು ಎಲ್ಲಿದೆಯೋ ಸೂಜಿ ಅಲ್ಲಿಗೇ ಹೋಗಬೇಕು. ನಮ್ಮೂರಲ್ಲಿ ಒಂದೊಂದು ಚೀಟಿ ಕೈಯಿಂದ ಕೈಗೆ ಹೋಗಿ ನಾಲ್ಕು ಸಲ ಹೊಲಿಸಿಕೊಳ್ಳುತ್ತದೆ. ಪ್ರತಿ ಸಲ ಹೊಸ ತೂತು ಹಾಕಿದರೆ ಉಳಿಯುವುದೇನು, ಜರಡಿ. ಆ ಮಂಗಳವಾರದ ಚೀಲದಲ್ಲಿ ಕೆನಡಾ ದೇಶದ ಎರಡು ಚೀಟಿ ಇದ್ದವು. ಒಂದು ಹಕ್ಕಿಯ ಚಿತ್ರದ ಹೊಸ ಚೀಟಿ. ಅಲ್ಲಿನ ಯಂತ್ರ ಅದಕ್ಕೆ ಮುದ್ರೆ ಹೊಡೆಯುವುದನ್ನೇ ಮರೆತಿತ್ತು. ಇನ್ನೊಂದು ಹಳೆಯದು, ಕರಿ ಮುದ್ರೆ ಗುಂಡಗೆ ಕೂತಿತ್ತು. ಕೆನಡಾದಿಂದ ನಮ್ಮೂರಿಗೆ ಬರುವುದು ಮಾಸ್ತರಿಗೆ ಒಬ್ಬರಿಗೇ. ನಾನು ಕಟ್ಟಳೆಯಂತೆ ಮುದ್ರೆ ಇದ್ದದ್ದನ್ನು ತೆಗೆದುಕೊಂಡೆ, ಹೊಲಿದೆ, ಕಳಿಸಿದೆ. ನನ್ನಪ್ಪ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ.

ಆ ಚೀಟಿ ನನಗೆ ಗುರುತಿಲ್ಲದ್ದೇನಲ್ಲ; ಚೀಲ ಖಾಲಿ ಮಾಡುವ ಅವಸರದಲ್ಲಿ ಮುದ್ರೆ ನೋಡಿದೆ, ಚಿತ್ರ ನೋಡಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಮಾಸ್ತರ ಹತ್ತಿರ ಅಂಥವು ಹನ್ನೊಂದಿದ್ದವು. ಹನ್ನೊಂದಕ್ಕೂ ಪುಸ್ತಕದಲ್ಲಿ ತೆಳು ಬಟ್ಟೆಯ ಕಿಸೆ ಹೊಲಿದು ಕೊಟ್ಟವನು ನಾನು. ಕೆನಡಾ ದೇಶದವರು ಸಾವಿರದ ಎಂಟುನೂರಾ ತೊಂಬತ್ತೆಂಟರ ಡಿಸೆಂಬರಿನಲ್ಲಿ ಹೊರಡಿಸಿದ ಎರಡು ಸೆಂಟಿನ ಚೀಟಿ. ಅದರಲ್ಲಿ ಇಡೀ ಭೂಮಿಯ ನಕಾಶೆ. ಇಂಗ್ಲೆಂಡಿನ ರಾಣಿಯ ಆಳ್ವಿಕೆಯ ದೇಶಗಳಿಗೆಲ್ಲ ಕೆಂಪು ಬಣ್ಣ. ಕೆಳಗೆ, ನಮ್ಮಷ್ಟು ದೊಡ್ಡ ರಾಜ್ಯ ಯಾರದು ಎಂಬ ಅರ್ಥದ ಒಂದು ಜಂಬದ ಸಾಲು. ಮಾಸ್ತರು ಸಂಜೆ ನನ್ನನ್ನು ಕೂಡಿಸಿಕೊಂಡು ಚಹಾ ಕುಡಿಸಿ ಹೇಳುತ್ತಿದ್ದರು: ನೋಡು, ಒಂದರಲ್ಲಿ ಸಮುದ್ರ ನೇರಳೆ, ಒಂದರಲ್ಲಿ ಹಸಿರು, ಒಂದರಲ್ಲಿ ನೀಲಿ. ಕರಿ ಗೆರೆಯ ಅಚ್ಚು ಬೇರೆ, ಕೆಂಪಿನ ಅಚ್ಚು ಬೇರೆ. ಕೆಂಪು ಕೂದಲೆಳೆಯಷ್ಟು ಸರಿದರೆ ಸಾಕು, ದ್ವೀಪ ಹೋಗಿ ನೀರಲ್ಲಿ ಬೀಳುತ್ತದೆ. ಕೋಟಿಗಟ್ಟಲೆ ಅಚ್ಚಾದ ಚೀಟಿ ಅದು, ಸಂಗ್ರಹ ಮಾಡುವವರ ನಡುವೆ ಅಪರೂಪವೇನೂ ಅಲ್ಲ. ಅಪರೂಪದ್ದು ಅವರು ಹುಡುಕುತ್ತಿದ್ದದ್ದು.

ಮಾಸ್ತರು ಮೂವತ್ತು ವರ್ಷ ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಪ್ರತಿ ವರ್ಷ ಮಕ್ಕಳು ಕೇಳುತ್ತಿದ್ದವು, ಗುರುಗಳೇ ಇದರಾಗ ನಮ್ಮೂರು ಎಲ್ಲೈತ್ರಿ? ಸರಕಾರದ ನಕಾಶೆ, ರೈಲಿನ ನಕಾಶೆ, ಯಾವುದರಲ್ಲೂ ನಮ್ಮೂರು ಇಲ್ಲ. ಕಚೇರಿಗಳಿಗೆ ಬರೆದರೆ ಅಂಥ ಊರೇ ಇಲ್ಲ ಅನ್ನುವ ಉತ್ತರ ಅದೇ ಊರಿನ ವಿಳಾಸಕ್ಕೆ ಬರುತ್ತಿತ್ತು. ಆಮೇಲೆ ಒಂದು ದಿನ ಈ ಚೀಟಿ ಅವರ ಕೈಗೆ ಸಿಕ್ಕಿತು, ತಲೆಯಲ್ಲಿ ಹುಳ ಹೊಕ್ಕಿತು. ಅಂಟು ನಿಲ್ಲದ ಊರಲ್ಲಿ ಮಸಿ ನಿಂತೀತೇ? ಭೂಮಿಯನ್ನೆಲ್ಲ ಕೆಂಪು ಬಳಿಯುವಾಗ ಅಚ್ಚಿನ ಯಾವುದೋ ಒಂದು ಮೂಲೆಯ ಚೀಟಿಯಲ್ಲಿ ನಮ್ಮೂರಿನ ಜಾಗಕ್ಕೆ ಕೆಂಪು ಹತ್ತದೆ ಬಿಳಿ ಚುಕ್ಕಿ ಉಳಿದೇ ಇರಬೇಕು. ಚೀಟಿಯಲ್ಲಿ ಇಂಡಿಯಾ ಸಾಸಿವೆ ಕಾಳಿನಷ್ಟು. ಅದರೊಳಗೆ ನಮ್ಮೂರು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ಊರು ನಕ್ಕಿತು. ನಾನೂ ನಕ್ಕಿದ್ದೇನೆ. ಕೊನೆಗೆ ಕೆನಡಾದ ಒಬ್ಬ ಮುದುಕ, ರೈಲಿಗೆ ಸಿಗ್ನಲ್ ತೋರಿಸಿ ನಿವೃತ್ತನಾದವನು, ತನ್ನ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದಂತಿದೆ ಎಂದು ಬರೆದ. ನನ್ನ ಕಣ್ಣು ಮಂಜು, ಚುಕ್ಕಿಯೋ ಮತ್ತೇನೋ ನೀನೇ ನೋಡು, ಕಳಿಸುತ್ತೇನೆ ಅಂದ. ಮಾಸ್ತರು ಹಿಗ್ಗಿ ಪಟ್ಟಣದ ಅಂಚೆ ಚೀಟಿ ಸಂಗ್ರಹಕಾರರ ಸಂಘಕ್ಕೆ ಬರೆದರು. ಚುಕ್ಕಿ ನಿಜವಾದರೆ ಸಂಘದವರ ದೊಡ್ಡ ಪಟ್ಟಿಯಲ್ಲಿ ಅದು ನಮ್ಮೂರಿನ ಹೆಸರಿನಲ್ಲೇ ಅಚ್ಚಾಗುವುದು ಎಂದಾಯಿತು. ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಮಂಗಳವಾರ ಚೀಟಿ ಬಂತು, ನನ್ನ ಕೈಗೆ.

“ಎಲ್ಲಿ ಚುಚ್ಚೀದಿ ನೋಡು!” ಮಾಸ್ತರು ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಒತ್ತಿದರು. “ಸುತ್ತ ಇಷ್ಟು ಸಮುದ್ರ ಬಿದ್ದಿತ್ತು. ಎಲ್ಲಾ ಬಿಟ್ಟು ಇಂಡಿಯಾದ ನಡುವ ಚುಚ್ಚೀದಿ! ಚುಕ್ಕಿ ಇರೂ ಜಾಗಾದಾಗನ! ಇನ್ನ ಯಾರು ಚುಕ್ಕಿ ಅಂತಾರ ಅದಕ್ಕ? ಸೂಜಿ ತೂತು ಅಂತಾರ! ಬೇಕಂತ ಮಾಡೀದಿ ನೀನು. ನಾಕನೇ ಇಯತ್ತೆಯಾಗ ನಕಾಶಿಗೆ ಪೆನ್ಸಿಲ್ ಚುಚ್ಚಿ ನಮ್ಮೂರು ಇಲ್ಲೈತಿ ಅಂದಿದ್ದೆಲ್ಲ, ಅವತ್ತ ಕಪಾಳಕ್ಕ ಹೊಡದ ಸೇಡು ಇವತ್ತ ತೀರಿಸಿಕೊಂಡಿ!”

ಆ ಹೊಡೆತವನ್ನು ಜನರೆದುರು ಎತ್ತಬಾರದಿತ್ತು. ಇಡೀ ವರ್ಗದೆದುರು ತಿಂದ ಏಟು ಅದು. ಮೂವತ್ತೇಳು ವರ್ಷದ ಹಿಂದಿನ ಕಪಾಳ ಮತ್ತೆ ಬಿಸಿಯಾಯಿತು. “ಚುಕ್ಕಿ ಅಂತ ಚುಕ್ಕಿ!” ಎಂದು ಅರಚಿದೆ. “ಯಾವ ಚುಕ್ಕೀನೂ ಇದ್ದಿಲ್ಲ ಅಲ್ಲಿ! ಸೂಜಿ ಹಾಕೂ ಮೊದಲ ನೋಡೀನಿ ನಾನು. ಅಚ್ಚ ಕೆಂಪು! ನಿಮ್ಮ ತಲಿಯಾಗ ಐತಿ ಚುಕ್ಕಿ, ಹೋಗ್ರಿ!”

ಕಟ್ಟೆ ಘೊಳ್ಳೆಂದಿತು. ಯಾವನೋ “ಮಾಸ್ತರ, ಊರು ಹೋತಲ್ರೀ ಕೈ ಬಿಟ್ಟು” ಎಂದ. ಮಾಸ್ತರು ಲಕೋಟೆಯನ್ನು ಎದೆಗೆ ಹಿಡಿದುಕೊಂಡು ಮನೆಗೆ ಹೋದರು.

ನಾನು ಹೇಳಿದ್ದು ಸುಳ್ಳು. ಚುಕ್ಕಿ ಇತ್ತು. ಕೆಂಪಿನ ನಡುವೆ ಬೆಳ್ಳಗೆ, ಅಕ್ಕಿಯ ನುಚ್ಚಿನ ನುಚ್ಚಿನಷ್ಟು. ಅದನ್ನು ನೋಡಿಯೇ ನಾನು ಸೂಜಿ ಅಲ್ಲಿಗೆ ಒಯ್ದದ್ದು, ಹಳೆಯ ತೂತು ಎಂದುಕೊಂಡು. ಇಲ್ಲದಿದ್ದರೆ ನಡು ಚೀಟಿಗೆ ಸೂಜಿ ಹಾಕಲು ನನಗೇನು ಹುಚ್ಚೇ? ಅಂಚಿನಲ್ಲಿ ಹಾಕುತ್ತಿದ್ದೆ, ದಿನಾ ಹಾಕುವ ಹಾಗೆ. ಅಂದರೆ ಮಾಸ್ತರ ಇಪ್ಪತ್ತೆರಡು ವರ್ಷದ ಹುಡುಕಾಟ ಸುಳ್ಳಾಗಿರಲಿಲ್ಲ, ಮತ್ತು ಅದನ್ನು ಕಣ್ಣಾರೆ ಕಂಡವನು ನಾನೊಬ್ಬನೇ.

ಕಚೇರಿ ಮುಚ್ಚುವಾಗ ನಮ್ಮ ಪೋಸ್ಟ್ ಮಾಸ್ತರಣಿ ಮೆಹರುನ್ನಿಸಾಬಾಯಿ ಚಾವಿ ತಿರುವುತ್ತ ಕೇಳಿದಳು, “ಖರೇ ಹೇಳು ಯಮನೂರಪ್ಪ. ಕಂಡಿತ್ತೋ ಇಲ್ಲೋ?”

“ನಿನಗ್ಯಾಕ?”

“ನನಗ್ಯಾಕ ಅಂದ್ರ ಹದಿನಾರು ವರ್ಷ ನಿನ್ನ ಹೊಲಗಿ ನೋಡೀನಿ. ಕಾರಣ ಇಲ್ಲದ ಒಂದು ಟಾಕಾ ಹಾಕಿದವನಲ್ಲ ನೀನು.”

ನಾನು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದೆ. ಅವಳಿಗೆ ಅಷ್ಟೇ ಸಾಕಾಯಿತು. “ಹೋಗಿ ಹೇಳು ಅವರಿಗೆ. ಇವತ್ತ ಹೇಳು.”

“ಹುಳಾ ಬೀಳ್ಲಿ ಅಂದಾರ ನನಗ. ಕತ್ತೆ ಅಂದಾರ. ಸೇಡು ಅಂದಾರ. ಅವರೇ ಬರ್ಲಿ ಮೊದಲ.”

“ಅವರು ಬರೂದಿಲ್ಲ.”

“ಹಂಗಾರ ನಾನೂ ಹೋಗೂದಿಲ್ಲ.”

ಬುಧವಾರ ಹೋಗಲಿಲ್ಲ. ಗುರುವಾರ ಅವರ ಓಣಿಯ ತನಕ ಹೋದೆ. ಜಗಲಿಯ ಮೇಲೆ ಕೂತು ಹನ್ನೊಂದು ಚೀಟಿಗಳನ್ನು ಒಂದೊಂದಾಗಿ ಕಿಸೆಯಿಂದ ತೆಗೆದು ನೋಡುತ್ತಿದ್ದರು. ನನ್ನನ್ನು ಕಂಡರು, ಪುಸ್ತಕ ಮುಚ್ಚಿದರು. ಆ ಮುಚ್ಚಿದ್ದು ಸಾಕಾಯಿತು ನನ್ನ ಸಿಟ್ಟಿಗೆ. ತಿರುಗಿ ಬಂದೆ. ನಾಳೆ ಪರೀಕ್ಷಕರೆದುರು ಸತ್ಯ ಹೇಳಿಬಿಡುತ್ತೇನೆ, ಚುಕ್ಕಿ ನಿಲ್ಲುತ್ತದೆ, ಆಗ ಮಾಸ್ತರೇ ನನ್ನ ಹತ್ತಿರ ಬರುತ್ತಾರೆ ಎಂದು ಲೆಕ್ಕ ಹಾಕಿಕೊಂಡೆ. ಸಿಟ್ಟಿನವನ ಲೆಕ್ಕ.

ಪರೀಕ್ಷಕ ನಾಡಗೀರ ಸಾಹೇಬರು ಶುಕ್ರವಾರ ಹನ್ನೊಂದಕ್ಕೆ ಬಂದರು. ಸೇತುವೆಯ ಮೇಲೆ ಅವರ ಎರಡೂ ಬೂಟಿನ ಅಟ್ಟೆ ಕಳಚಿ ಬಿದ್ದಿದ್ದವು; ಸೆಣಬಿನ ಹಗ್ಗದಿಂದ ಕಟ್ಟಿಕೊಂಡು, ಬಾತುಕೋಳಿಯಂತೆ ಕಾಲೆತ್ತಿ ಹಾಕುತ್ತ ಕಟ್ಟೆ ಏರಿದರು. ಅವರ ಟಿಪ್ಪಣಿ ಪುಸ್ತಕದ ಹಾಳೆಗಳೂ ಬಿಚ್ಚಿ ಚೆಲ್ಲಾಡಿದ್ದವು. ನಾನು ಸೂಜಿ ತೆಗೆದುಕೊಂಡು ಹೊಲಿದು ಕೊಡಲು ಹೋದೆ. “ಮುಟ್ಟಬೇಡಿ. ನಿಮ್ಮ ಹೊಲಿಗೆ ನೋಡುವುದಕ್ಕೇ ಬಂದಿದ್ದೇನೆ,” ಎಂದರು. ಊರೆಲ್ಲ ಸೇರಿತ್ತು. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟ್ಟೆಯ ಕೊನೆಯಲ್ಲಿ ಚಪ್ಪಲಿ ಬಿಟ್ಟು, ಸಾಹೇಬರೆದುರು ಪರೀಕ್ಷೆಗೆ ಕೂತ ಹುಡುಗನಂತೆ ಕೂತರು. ನನ್ನ ಕಡೆ ನೋಡಲಿಲ್ಲ.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಲಕೋಟೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು. “ಚೀಟಿ ಅಸಲಿ. ಕೆಂಪಿನ ಅಚ್ಚು ಸ್ವಲ್ಪ ಎಡಕ್ಕೆ ಸರಿದಿದೆ. ಆದರೆ ನೀವು ಹೇಳುವ ಜಾಗದಲ್ಲಿ ಈಗ ಇರುವುದು ತೂತು ಮಾತ್ರ. ಚುಕ್ಕಿ ಇದ್ದಿದ್ದರೂ ಸೂಜಿ ಅದನ್ನು ತಿಂದುಹಾಕಿದೆ. ನಾನೇನು ಬರೆಯಲಿ?”

“ಬರೀರಿ, ಚುಕ್ಕಿ ಇತ್ತು,” ಎಂದು ನಾನು ಎದ್ದು ನಿಂತೆ. “ನಾ ನೋಡೀನಿ. ಬೆಳ್ಳಗಿತ್ತು. ಹಳೇ ತೂತು ಅಂತ ತಿಳದು ಅಲ್ಲೇ ಸೂಜಿ ಹಾಕೀನಿ. ಅದು ನಮ್ಮ ಕಟ್ಟಳಿ. ಬೇಕಾರ ಊರಾಗಿನ ಕಾಗದಾ ಎಲ್ಲಾ ತರಸ್ರಿ, ಹಳೇ ತೂತು ಇದ್ದಾಗ ಹೊಸಾ ತೂತು ಹಾಕಿದ್ದು ಒಂದು ತೋರಸ್ರಿ, ಈ ಕೈ ಕಡದು ಕೊಡ್ತೀನಿ.”

ಮಾಸ್ತರ ತಲೆ ಮೇಲೆದ್ದಿತು. ಆ ಮುಖವನ್ನು ನಾನು ನೋಡಬಾರದಿತ್ತು. ಬಾಗಿಲು ತೆರೆದ ಹಾಗಿತ್ತು ಅದು.

“ಕಟ್ಟಳೆ ಸರಿ,” ಎಂದರು ಸಾಹೇಬರು. “ಆದರೆ ನೀವು ಕಂಡದ್ದು ತೂತು ಎಂದು ನೀವೇ ಹೇಳುತ್ತಿದ್ದೀರಿ. ಕೆನಡಾದ ಆ ಮುದುಕನೋ ಇನ್ನಾರೋ ಎಂದೋ ಪಿನ್ನು ಚುಚ್ಚಿದ ತೂತು ಇರಬಹುದಲ್ಲ?”

“ತೂತು ಅಂತ ತಿಳದಿದ್ದೆ. ಅಲ್ಲ ಅದು. ಸೂಜಿ ಇಳಿಸಿದಾಗ ತಡೀತು. ಹಳೇ ತೂತಾಗಿದ್ರ ಸುಮ್ಮನ ಇಳೀತಿತ್ತು. ಟಪ್ ಅಂತು. ಕಾಗದ ಇತ್ತು ಅಲ್ಲಿ, ಗಟ್ಟಿ ಕಾಗದ. ಬರೇ ಕೆಂಪು ಇದ್ದಿಲ್ಲ ಅದರ ಮ್ಯಾಲ. ನನ್ನ ಬೆರಳಿಗೆ ಗೊತ್ತಾತು.”

“ಬೆರಳಿಗೆ.”

“ಹೌದು, ಬೆರಳಿಗೆ! ನಿಮಗ ಕನ್ನಡಿ ಹಿಡದ್ರ ಗೊತ್ತಾಗತೈತಿ, ನನಗ ಬೆರಳಿಗೆ ಗೊತ್ತಾಗತೈತಿ. ನಲವತ್ತು ಸಾವಿರ ಚೀಟಿ ಹೊಲದೀನಿ ನಾನು. ನಿಮ್ಮ ಬೂಟು ನಾ ಹೊಲದಿದ್ರ ಸೇತುವಿ ದಾಟಿ ಬರ್ತಿತ್ತು!”

ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. ಅವರು ಹಾಳೆಗಳನ್ನು ಒಟ್ಟು ಮಾಡಿ ತಟ್ಟಿದರು, ಜನರ ಕಡೆ ತಿರುಗಿದರು. “ಇವರು ಈ ಮಾತನ್ನು ಮೊದಲೂ ಹೇಳಿದ್ದರೇ?”

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಟ್ಟಿನ ಗಿರಣಿಯ ಗದಿಗೆಯ್ಯ, ಸುಳ್ಳು ಹೇಳಲು ಬಾರದ ದಡ್ಡ, ಎದ್ದು ನಿಂತ. “ಇಲ್ರಿ. ಮಂಗಳವಾರ ಯಾವ ಚುಕ್ಕೀನೂ ಇದ್ದಿಲ್ಲ ಅಂದಿದ್ನ್ರಿ. ಅಚ್ಚ ಕೆಂಪು ಅಂತ ಒದರಿದ್ದ. ನಾವೆಲ್ಲಾ ಕೇಳೀವ್ರಿ.” ಹೌದು ಹೌದು ಎಂದು ಹತ್ತು ತಲೆ ಅಲ್ಲಾಡಿದವು. ಹಾಳಾದವರು. ಆವತ್ತು ನಕ್ಕ ಬಾಯಿಗಳೇ ಇವತ್ತು ಸಾಕ್ಷಿ ಹೇಳಿದವು. ಮತ್ತು ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

“ಸಿಟ್ಟಿನಾಗ ಅಂದಿದ್ದು ಅದು!” ಎಂದು ಕೂಗಿದೆ. “ಸಿಟ್ಟಿನಾಗ ಅಂದ ಮಾತಿಗೆ ಯಾರಾರ ಮುದ್ರಿ ಹೊಡೀತಾರೇನು?”

“ಇವತ್ತೂ ನೀವು ಸಿಟ್ಟಿನಲ್ಲೇ ಇದ್ದೀರಿ,” ಎಂದರು ನಾಡಗೀರ ಸಾಹೇಬರು. “ಕಂಡವರು ಒಬ್ಬರೇ. ಅವರು ಮಂಗಳವಾರ ಒಂದು ಹೇಳುತ್ತಾರೆ, ಶುಕ್ರವಾರ ಇನ್ನೊಂದು ಹೇಳುತ್ತಾರೆ. ಮೊದಲೇ ಹೇಳಿದ್ದರೆ, ಈ ಕಟ್ಟಳೆಯನ್ನೂ ಸೇರಿಸಿಕೊಂಡು, ನಾನು ಪಟ್ಟಿಗೆ ಬರೆಯುತ್ತಿದ್ದೆನೇನೋ. ಈಗ ಬರೆಯಲಾರೆ.” ಅವರು ಒಂದು ಬಿಡಿ ಹಾಳೆಯ ಮೇಲೆ ಎರಡು ಸಾಲು ಗೀಚಿದರು. ಸೂಜಿಯಿಂದ ಹಾಳಾದ ಪ್ರತಿ, ಗಮನಿಸತಕ್ಕ ವಿಶೇಷವಿಲ್ಲ. ಗಟ್ಟಿಯಾಗಿ ಓದಿ ಸಹಿ ಮಾಡಿದರು.

ಮೆಹರುನ್ನಿಸಾಬಾಯಿ ಕಿಟಕಿಯ ಹಿಂದೆ ತಲೆ ತಗ್ಗಿಸಿದಳು. ಮಾಸ್ತರು ಹಾಳೆಯ ಕಡೆ ನೋಡಲೇ ಇಲ್ಲ. ನನ್ನನ್ನು ನೋಡುತ್ತಿದ್ದರು. ನಾಲ್ಕನೆಯ ಇಯತ್ತೆಯಲ್ಲಿ ಪಾಠ ಒಪ್ಪಿಸಲು ಎಬ್ಬಿಸಿದಾಗ ಮಾತಾಡುತ್ತಿದ್ದ ದನಿಯಲ್ಲಿ, ಮೆಲ್ಲಗೆ, “ಯಮನೂರಾ, ಮಂಗಳವಾರ ಇದು ನಿನಗ ಗೊತ್ತಿತ್ತೇನು?” ಎಂದರು.

ಇಲ್ಲ ಅನ್ನಬಹುದಿತ್ತು. ಆಮೇಲೆ ನೆನಪಾಯಿತು ಅನ್ನಬಹುದಿತ್ತು. “ಗೊತ್ತಿತ್ರಿ,” ಅಂದೆ.

“ಬುಧವಾರ? ಗುರುವಾರ ನಮ್ಮ ಓಣಿಗೆ ಬಂದಾಗ?”

“ಗೊತ್ತಿತ್ರಿ ಮಾಸ್ತರ.”

ಅವರು ತಲೆಯಾಡಿಸಿದರು. ಲಕೋಟೆಯನ್ನು ತೆಗೆದುಕೊಂಡು ನನ್ನ ಹೊಲಿಗೆಯ ಮಣೆಯ ಮೇಲೆ ಇಟ್ಟರು. ಅದರ ಮೇಲೆ ಗಾಳಿಗೆ ಹಾರದಂತೆ ಭೂತಗನ್ನಡಿ ಇಟ್ಟರು. ಎದ್ದರು. ಕಟ್ಟೆಯ ಕೊನೆಯಲ್ಲಿದ್ದ ಚಪ್ಪಲಿಯನ್ನು ಮೆಟ್ಟದೆ ಹಾಗೇ ಇಳಿದರು.

“ಬೈಯ್ರೀ ಮಾಸ್ತರ!” ನಾನು ಹಿಂದೆಯೇ ಓಡಿದೆ. “ಕತ್ತೆ ಅನ್ರಿ! ಕಪಾಳಕ್ಕ ಹೊಡೀರಿ, ಇಲ್ಲೇ, ಎಲ್ಲಾರ ಮುಂದ! ಏನಾರ ಅನ್ರೀ!” ಅವರು ನಡೆಯುತ್ತಲೇ ಇದ್ದರು. ತಮ್ಮ ಓಣಿಯ ತಿರುವು ಬಂತು, ತಿರುಗಲಿಲ್ಲ. ಗಿರಣಿ ದಾಟಿದರು, ಶಾಲೆ ದಾಟಿದರು. ಶಾಲೆಯ ಗೋಡೆಗೆ ದಾರದಿಂದ ತೂಗುಹಾಕಿದ್ದ ನಕಾಶೆ ಕಿಟಕಿಯಲ್ಲಿ ಕಾಣುತ್ತಿತ್ತು. ಅದರ ಕಡೆಗೂ ನೋಡಲಿಲ್ಲ. ನನಗೆ ಸಿಟ್ಟು ಬಂತು. ಅವರ ಮೇಲೆ, ಗದಿಗೆಯ್ಯನ ಮೇಲೆ, ಮುದ್ರೆ ಹೊಡೆಯದ ಕೆನಡಾದ ಯಂತ್ರದ ಮೇಲೆ, ನನ್ನ ಹಾಳು ನಾಲಿಗೆಯ ಮೇಲೆ. ಸೇತುವೆಯ ಈಚೆ ತುದಿಯಲ್ಲಿ ನನ್ನ ಕಾಲು ನಿಂತವು. “ಹೋಗ್ರಿ! ಹೋಗ್ರಿ ಹಂಗಾರ!” ಎಂದು ಒದರಿದೆ.

ಮಾಸ್ತರು ಉದುರಿದ ಟಿಕಳಿಗಳ ನಡುವೆ ಬರಿಗಾಲಲ್ಲಿ ನಡೆದರು. ಈಚೆಗಿರುವ ತನಕ ಅವರ ಅಂಗಾಲು ಬರೀ ಧೂಳು. ಆಚೆಯ ಕೊನೆಯ ಕಲ್ಲು ದಾಟಿ ಎತ್ತಿದ ಹೆಜ್ಜೆಯಲ್ಲಿ, ಹಿಮ್ಮಡಿಯ ಹತ್ತಿರ, ಒಂದು ಕೆಂಪು ಟಿಕಳಿ ಅಂಟಿಕೊಂಡಿದ್ದು ಕಂಡಿತು. ಕಣ್ಣಿಗೆ ಕಾಣುವಷ್ಟು ದೂರ ನೋಡಿದೆ. ಅದು ಬೀಳಲಿಲ್ಲ, ಅವರು ತಿರುಗಲಿಲ್ಲ.